ಸೋಫಾ ಬೂತೋ, ಗೋಡೆ ಬೆಂಚೋ: ಎರಡನ್ನೂ ಬಳಸಿ ನೋಡಿದ ಮೇಲೆ

ಗೋಡೆಯುದ್ದಕ್ಕೂ ಒಂದೇ ಬೆಂಚು, ಅದರೆದುರು ಇಬ್ಬರ ಟೇಬಲ್‌ಗಳ ಸಾಲು, ಆಚೆ ಬದಿಗೆ ಬಿಡಿ ಕುರ್ಚಿ. ರೆಸ್ಟೋರೆಂಟಿಗೆ ಒಳಾಂಗಣ ಮಾಡಿಸುವಾಗ ನನ್ನ ಮೊದಲ ಆಯ್ಕೆ ಇದೇ. ಎದುರುಬದುರು ಎತ್ತರದ ಬೆನ್ನೊರಗಿನ ಎರಡು ಸೋಫಾ, ನಡುವೆ ಅಲುಗದ ಟೇಬಲ್ ಇರುವ ನಾಲ್ವರ ಸೋಫಾ ಬೂತ್‌ಗೆ ಅದರದೇ ಗತ್ತಿದೆ, ಒಪ್ಪುತ್ತೇನೆ. ಆದರೆ ಜನ ತುಂಬುವ ಹೊತ್ತಿನಲ್ಲೇ ಅದು ಕೈಕೊಡುತ್ತದೆ.

11 ಮೀಟರ್ ಗೋಡೆ ಇದೆ ಎಂದುಕೊಳ್ಳಿ. ಒಂದು ಬೂತ್‌ಗೆ ಸುಮಾರು 175 ಸೆಂ.ಮೀ. ಬೇಕು; ಆರು ಬೂತ್, 24 ಸೀಟು. ಅದೇ ಗೋಡೆಗೆ 60 ಸೆಂ.ಮೀ. ಅಗಲದ ಟೇಬಲ್‌ಗಳನ್ನು 30 ಸೆಂ.ಮೀ. ಅಂತರದಲ್ಲಿ ಇಟ್ಟರೆ ಹನ್ನೆರಡು ಹಿಡಿಯುತ್ತವೆ. ಅಲ್ಲೂ 24 ಸೀಟೇ. ಆದರೆ ಜೋಡಿಯಾಗಿ ಬರುವವರೇ ಹೆಚ್ಚಿರುವ ದಿನ ಆರು ಜೋಡಿ ಕೂತರೆ ಬೂತ್‌ಗಳು ಮುಗಿದವು. ಬಾಗಿಲಲ್ಲಿ ಕಾಯುವವರ ಕಣ್ಣೆದುರೇ 12 ಸೀಟು ಖಾಲಿ, ಕೂರಲು ಮಾತ್ರ ಜಾಗವಿಲ್ಲ. ಬೆಂಚಿನಲ್ಲಿ ಹನ್ನೆರಡು ಜೋಡಿಯೂ ಕೂರಬಹುದು. ಆರು ಜನ ಬಂದರೆ ಮೂರು ಟೇಬಲ್ ಜೋಡಿಸಿದರಾಯಿತು. ಬೂತ್‌ನಲ್ಲಿ ಐದನೆಯವರಿಗೇ ದಾರಿಗೆ ಅಡ್ಡವಾಗಿ ಕುರ್ಚಿ ಹಾಕಬೇಕು, ತಟ್ಟೆ ಹಿಡಿದು ಬರುವವರು ಅದನ್ನು ಸುತ್ತಿಕೊಂಡೇ ಓಡಾಡಬೇಕು.

ಇಷ್ಟಾದರೂ ಗೋಡೆ ಬೆಂಚು ಕೆಡುವುದು ಹೆಚ್ಚಾಗಿ ಒಂದೇ ವಿಷಯಕ್ಕೆ: ಕುಶನ್ನಿನ ಎತ್ತರ. ಟೇಬಲ್ 75 ಸೆಂ.ಮೀ., ಕುರ್ಚಿ 45. ಬಡಗಿ ಬೆಂಚನ್ನೂ ಕುಶನ್ ಸೇರಿಸಿ 45ಕ್ಕೇ ಮಾಡಿಕೊಡುತ್ತಾರೆ, ಟೇಪ್ ಹಿಡಿದರೆ ಅಳತೆ ಸರಿಯೇ. ಆದರೆ 12 ಸೆಂ.ಮೀ. ದಪ್ಪದ ಮೆತ್ತನೆಯ ಫೋಮ್ ಮೇಲೆ ದೊಡ್ಡವರು ಕೂತರೆ ಐದಾರು ಸೆಂ.ಮೀ. ತಗ್ಗುತ್ತದೆ. ಬೆಂಚಿನಲ್ಲಿ ಕೂತವರಿಗೆ ಟೇಬಲ್ ಎದೆಮಟ್ಟಕ್ಕೆ ಬರುತ್ತದೆ, ಮೊಣಕೈ ಎತ್ತಿಕೊಂಡೇ ಊಟ ಮಾಡಬೇಕು. ಎದುರಿಗೆ ಕುರ್ಚಿಯಲ್ಲಿ ಕೂತವರು ಮೂರು ಬೆರಳಷ್ಟು ಮೇಲಿರುತ್ತಾರೆ. ಯಾರೂ ಇದನ್ನು ಬಾಯಿಬಿಟ್ಟು ದೂರುವುದಿಲ್ಲ, ಮುಂದಿನ ಸಲ ಬೆಂಚಿನ ಬದಿಗೆ ಕೂರಲು ಹಿಂಜರಿಯುತ್ತಾರೆ, ಅಷ್ಟೆ.

ಹೊಸದಾಗಿ ಮಾಡಿಸುವುದಾದರೆ 40 ಡೆನ್ಸಿಟಿಯ (ಘನ ಮೀಟರಿಗೆ 40 ಕೆ.ಜಿ. ತೂಗುವ) ಗಟ್ಟಿ ಫೋಮ್, ಏಳೆಂಟು ಸೆಂ.ಮೀ. ದಪ್ಪ, ಕೆಳಗೆ ಪ್ಲೈವುಡ್ ಹಲಗೆ. ಖಾಲಿ ಇದ್ದಾಗ ಎತ್ತರ 47 ಇರಲಿ. ಬಟ್ಟೆ ಹೊದಿಸುವ ಮೊದಲು ಒಬ್ಬರನ್ನು ಹತ್ತು ನಿಮಿಷ ಕೂರಿಸಿ, ಅವರು ಕೂತಿರುವಾಗಲೇ ನೆಲದಿಂದ ಅಳೆಯಿರಿ. 45 ಬಂದರೆ ಸರಿ. ಕೂರುವ ಆಳ 45 ದಾಟದಿರಲಿ. ಚೀಲವನ್ನು ಬೆನ್ನಿಗೆ ಆನಿಸಿಕೊಂಡು ಅಂಚಿನಲ್ಲೇ ಕೂತವರು ಕಂಡರೆ ಆಳ ಹೆಚ್ಚಾಗಿದೆ ಎಂದೇ ಅರ್ಥ. ಕುಶನ್ ಉದ್ದಕ್ಕೂ ಒಂದೇ ಬೇಡ, 120 ಸೆಂ.ಮೀ. ತುಂಡುಗಳಾಗಲಿ. ಸದಾ ಜನ ಕೂರುವ ಜಾಗದ ಫೋಮ್ ಮೊದಲು ಸೋಲುತ್ತದೆ, ಆಗ ಅದನ್ನು ತೆಗೆದು ಮೂಲೆಯದರ ಜೊತೆ ಅದಲುಬದಲು ಮಾಡಬಹುದು.

ಈಗಾಗಲೇ ತಗ್ಗಾಗಿದ್ದರೆ ಟೇಬಲ್ ಕಾಲಿಗೆ ಗರಗಸ ಹಾಕಬೇಡಿ, ಕುರ್ಚಿಯವರ ತೊಡೆ ಟೇಬಲ್‌ಗೆ ತಾಗುತ್ತದೆ. ಕುಶನ್ ಅಡಿಗೆ 18 ಮಿ.ಮೀ. ಪ್ಲೈವುಡ್ ಎರಡು ಪದರ ಕೊಟ್ಟರೆ ಮೂರೂವರೆ ಸೆಂ.ಮೀ. ವಾಪಸ್ ಸಿಗುತ್ತದೆ.

ಗದ್ದಲದ ವಿಷಯದಲ್ಲಿ ಬೂತ್‌ನದೇ ಮೇಲುಗೈ. 120 ಸೆಂ.ಮೀ. ಎತ್ತರದ ಬೆನ್ನೊರಗು ಪಕ್ಕದವರ ಮಾತನ್ನು ತಡೆಯುತ್ತದೆ, ಕೂತವರಿಗೂ ತಮ್ಮದೇ ಒಂದು ಕೋಣೆ ಸಿಕ್ಕಂತಾಗುತ್ತದೆ. ಬೆಂಚಿನ ಸಾಲಿನಲ್ಲಿ ಈ ಮರೆ ಇಲ್ಲ. ಅದರ ಜೊತೆಗೆ ಟೈಲ್ಸ್ ನೆಲ, ಗಾಜು, ಬರೀ ಗಾರೆಯ ಚಾವಣಿ ಸೇರಿದರೆ ಸದ್ದು ಪುಟಿಯುತ್ತಲೇ ಇರುತ್ತದೆ. ಅದನ್ನು ಮೀರಿಸಲು ಪ್ರತಿ ಟೇಬಲ್ಲಿನವರೂ ದನಿ ಏರಿಸುತ್ತಾರೆ, ಗದ್ದಲ ಇನ್ನಷ್ಟು ಬೆಳೆಯುತ್ತದೆ. ಮದ್ದು ಚಾವಣಿಯಲ್ಲಿದೆ: ಸದ್ದು ಹೀರುವ ರಂಧ್ರಮಯ ಪ್ಯಾನೆಲ್‌ಗಳನ್ನು ಟೇಬಲ್ ಸಾಲಿನ ನೇರಕ್ಕೆ ಹಾಕಿಸಿ. ಬೆನ್ನೊರಗಿಗೆ ರೆಕ್ಸಿನ್ ಬದಲು ದಪ್ಪ ಬಟ್ಟೆ ಹೊದಿಸಿ.

ಬೆಳಕು: ಬೂತ್‌ಗೆ ಟೇಬಲ್‌ನಿಂದ 75 ಸೆಂ.ಮೀ. ಮೇಲೆ ತೂಗುದೀಪ ಸೊಗಸು. ಸರಿಸಾಡುವ ಟೇಬಲ್‌ಗೆ ಅದು ಬೇಡ, ಟೇಬಲ್ ಸರಿದ ದಿನ ದೀಪ ಯಾರದೋ ಹಣೆಗೆ ಬರುತ್ತದೆ. ಚಾವಣಿಯ ಹಳಿಗೆ ಸಿಕ್ಕಿಸಿ ಸರಿಸುವ 2700 ಕೆಲ್ವಿನ್‌ನ, ಅಂದರೆ ಹಳದಿ ಛಾಯೆಯ ಬೆಚ್ಚನೆ ಬೆಳಕಿನ ದೀಪ ಸಾಕು.

ಸಂಗೀತ ಎರಡಕ್ಕೂ ಒಂದೇ. 1986ರಲ್ಲಿ ಪ್ರಕಟವಾದ ಮಾರ್ಕೆಟಿಂಗ್ ಸಂಶೋಧಕ ರೊನಾಲ್ಡ್ ಮಿಲಿಮನ್ ಅವರ ರೆಸ್ಟೋರೆಂಟ್ ಪ್ರಯೋಗದಲ್ಲಿ ನಿಧಾನಗತಿಯ ಸಂಗೀತಕ್ಕೆ ಜನ ಟೇಬಲ್‌ನಲ್ಲಿ ಹೆಚ್ಚು ಹೊತ್ತು ಕೂತರು. ಹೊರಗೆ ಸಾಲು ನಿಂತಾಗ ಗತಿ ಏರಿಸಿ.

ಅಳತೆಯಲ್ಲಿ ಬೂತ್ ಗೆಲ್ಲುವ ಜಾಗವೂ ಒಂದಿದೆ. ಗೋಡೆಯಿಂದ ಈಚೆಗೆ ಬೂತ್ 120 ಸೆಂ.ಮೀ. ಚಾಚಿದರೆ, ಬೆಂಚು, ಟೇಬಲ್, ಕುರ್ಚಿ ಸೇರಿ 170 ನುಂಗುತ್ತವೆ. ಅದರಾಚೆ ಓಡಾಡಲು 90 ಸೆಂ.ಮೀ. ಉಳಿಯದಷ್ಟು ಕೋಣೆ ಕಿರಿದಾಗಿದ್ದರೆ ಬೂತ್ ಹಾಕಿಸುವುದೇ ಸರಿ.

ಜಾಗ ಬಾಡಿಗೆಯದ್ದು, ಕೈಯಲ್ಲಿರುವ ದುಡ್ಡು ಅಷ್ಟಕ್ಕಷ್ಟೇ ಎಂದಾದರೆ ನಾನಂತೂ ಬೆಂಚಿಗೇ ಹೋಗುತ್ತೇನೆ. ಬಿಟ್ಟು ಹೊರಡುವಾಗ ಟೇಬಲ್, ಕುರ್ಚಿ, ಕುಶನ್ ಎಲ್ಲ ಜೊತೆಗೆ ಬರುತ್ತವೆ. ಆ ಕೋಣೆಯ ಅಳತೆಗೆ ಕೊಯ್ದು ನೆಲಕ್ಕೆ ಬಿಗಿದ ಬೂತ್ ಬೇರೆಡೆ ಕೂರುವುದು ಕಷ್ಟ. ಆಸೆಗೆ ಬೂತ್ ಬೇಕೇ ಬೇಕೆಂದರೆ ಎರಡೇ ಸಾಕು, ಬಾಗಿಲಿಂದ ದೂರದ ಮೂಲೆಯಲ್ಲಿ, ಅಡುಗೆಮನೆಯ ದಾರಿ ಬಿಟ್ಟು.