ಟಿಎನ್7, ಟಿಎನ್5, ಮ್ಯಾರಿನರ್: ನಿಮ್ಮ ಕೆಲಸಕ್ಕೆ ಯಾವುದು?

ರಾಯಚೂರಿನ ತೊಗರಿ ಹೊಲದಿಂದ ಸೂಡೊಮೊನಾಸ್ ಎಂಬ ಒಂದು ಬ್ಯಾಕ್ಟೀರಿಯಾ ಬೇರ್ಪಡಿಸಿದ್ದೀರಿ ಅಂತಿಟ್ಟುಕೊಳ್ಳಿ. ಅದು ಬೇರಿನ ಮೇಲೆ ಎಲ್ಲಿ ನೆಲೆಸುತ್ತದೆ ಅಂತ ನೋಡಲು ಹಸಿರಾಗಿ ಹೊಳೆಯುವ ಜೀನ್ ಸೇರಿಸಬೇಕು. ಜೀನನ್ನು ಒಳಗೆ ಒಯ್ಯಲು ಟ್ರಾನ್ಸ್‌ಪೋಸಾನ್ (ತಾನಾಗೇ ಬೇರೆ ಜಾಗಕ್ಕೆ ಹೋಗಿ ಸೇರಬಲ್ಲ ಡಿಎನ್‌ಎ ತುಣುಕು) ಬೇಕು. ಟಿಎನ್7, ಟಿಎನ್5, ಮ್ಯಾರಿನರ್ ಮೂರೂ ಅಂಥವೇ. ಯಾವುದು ಬಳಸುತ್ತೀರಿ?

ನನ್ನ ಓಟು ಟಿಎನ್7ಗೆ. ಇದು ಸೀಟು ರಿಸರ್ವ್ ಮಾಡಿಸಿ ಬಸ್ ಹತ್ತುವ ಗಿರಾಕಿ. ಇದರ ಟಿಎನ್‌ಎಸ್‌ಡಿ ಎಂಬ ಪ್ರೋಟೀನು ಜಿಎಲ್‌ಎಂಎಸ್ ಜೀನಿನ ಕೊನೆಯ ಭಾಗವನ್ನು ಗುರುತು ಹಿಡಿಯುತ್ತದೆ. ಆದರೆ ಟ್ರಾನ್ಸ್‌ಪೋಸಾನ್ ಕೂರುವುದು ಜೀನಿನೊಳಗಲ್ಲ, ಅದು ಮುಗಿದು ಸುಮಾರು 25 ಬೇಸ್ (ಡಿಎನ್‌ಎಯ ಅಕ್ಷರ) ಆಚೆ. ಅದೂ ಒಂದೇ ದಿಕ್ಕಿಗೆ. ಜಿಎಲ್‌ಎಂಎಸ್ ಕೋಶದ ಗೋಡೆ ಕಟ್ಟಲು ಬೇಕಾದ ಜೀನ್, ಕೆಟ್ಟರೆ ಬ್ಯಾಕ್ಟೀರಿಯಾಗೇ ಕಷ್ಟ. ಇಲ್ಲಿ ಅದಕ್ಕೆ ಏಟು ಬೀಳುವುದಿಲ್ಲ. ಒಂದು ಎಚ್ಚರಿಕೆ: ಬರ್ಕ್‌ಹೋಲ್ಡೇರಿಯಾ ಎಂಬ ಬ್ಯಾಕ್ಟೀರಿಯಾದ ಕೆಲವು ಜಾತಿಗಳಲ್ಲಿ ಜಿಎಲ್‌ಎಂಎಸ್ ಒಂದಕ್ಕಿಂತ ಜಾಸ್ತಿ ಇರುತ್ತದೆ. ಯಾವುದರ ಪಕ್ಕ ಕೂತಿದೆ ಅಂತ ಪಿಸಿಆರ್ (ಡಿಎನ್‌ಎಯ ಬೇಕಾದ ಭಾಗವನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಮಾಡಿ ನೋಡಲೇಬೇಕು.

ಟಿಎನ್5 ಹೆಚ್ಚುಕಡಿಮೆ ಎಲ್ಲಿ ಬೇಕಾದರೂ ನುಗ್ಗುತ್ತದೆ. ಬರೀ ಹೊಳಪು ಬೇಕಿದ್ದರೆ ಸುಮ್ನೆ ತಲೆನೋವು. ಆದರೆ ಗಂಗಾವತಿ ಕಡೆಯ ಸವಳು ಮಣ್ಣಿನ ಬ್ಯಾಕ್ಟೀರಿಯಾ ಉಪ್ಪು ತಡೆಯುವುದು ಯಾವ ಜೀನಿನಿಂದ ಅಂತ ಹುಡುಕಬೇಕಾದರೆ, ಜೀನುಗಳನ್ನು ಒಂದೊಂದಾಗಿ ಕೆಡಿಸುವ ಇಂಥದ್ದೇ ಬೇಕು ಅಲ್ವಾ?

ಮ್ಯಾರಿನರ್ ಗುಂಪಿನ ಹಿಮಾರ್1 (ದನಗಳ ರಕ್ತ ಹೀರುವ ನೊಣದಿಂದ ಬಂದದ್ದು!) ಟಿಎ ಎಂಬ ಎರಡು ಅಕ್ಷರ ಇರುವಲ್ಲಿ ಮಾತ್ರ ಸೇರುತ್ತದೆ. ಸೂಡೊಮೊನಾಸ್‌ನಲ್ಲಿ ಜಿ, ಸಿ ಅಕ್ಷರಗಳು ಜಾಸ್ತಿ. ಹಾಗಾಗಿ ಟಿಎ ಜಾಗಗಳು ಕಡಿಮೆ, ಸಣ್ಣ ಜೀನುಗಳು ತಪ್ಪಿಹೋಗಬಹುದು. ಆದರೂ ಜಾಗಗಳನ್ನು ಮೊದಲೇ ಎಣಿಸಿಡಬಹುದು. ಎಲ್ಲೆಲ್ಲಿ ಸೇರಿದೆ ಅಂತ ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರಗಳನ್ನು ಓದುವುದು) ಮಾಡಿ ಹಾಕುವ ಲೆಕ್ಕಕ್ಕೆ ಅದು ದೊಡ್ಡ ಅನುಕೂಲ.