ನಾಲ್ವರ ಪಾಲಿನ ಹಳೇ ವಿಮಾನ, ಒಂಬತ್ತು ವರ್ಷದ ನಂತರ: ಕೆಟ್ಟದ್ದು ಮತ್ತು ಕೆಟ್ಟರೂ ಹೇಳದ್ದು

ಬಳಸಿದ್ದು ಒಂಬತ್ತು ವರ್ಷ. ನಾನು ಹಾರಿಸಿದ್ದು ಸುಮಾರು 540 ಗಂಟೆ. ನನ್ನ ಪಾಲು ನಾಲ್ಕಾಣೆ, ಉಳಿದ ಹನ್ನೆರಡಾಣೆ ಇನ್ನು ಮೂವರದ್ದು. ವಿಮಾನ 1975ರದು: ನಾಲ್ಕು ಸೀಟು, ರೆಕ್ಕೆ ತಲೆಯ ಮೇಲೆ, ಒಂದೇ ಎಂಜಿನ್, 150 ಅಶ್ವಶಕ್ತಿ. ನಿಲ್ಲಿಸುವುದು ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ, ಬಯಲಿನಲ್ಲಿ, ಹಗ್ಗ ಕಟ್ಟಿ.

ಕಂಪನಿಯ ಹೆಸರು ಬರೆಯುತ್ತಿಲ್ಲ. ಐವತ್ತು ವರ್ಷದಲ್ಲಿ ಎಂಜಿನ್ನನ್ನು ಎರಡು ಸಲ ಪೂರ್ತಿ ಬಿಚ್ಚಿ ಕಟ್ಟಿದ್ದಾರೆ, ರೇಡಿಯೋ ಮೂರು ತಲೆಮಾರು ಬದಲಾಗಿದೆ, ಸೀಟಿನ ಬಟ್ಟೆ ನನ್ನ ಪಾಲುದಾರರೊಬ್ಬರ ಗ್ಯಾರೇಜಿನಲ್ಲಿ ಹೊಲಿದದ್ದು. ಮೂಲ ಕಾರ್ಖಾನೆಯದು ಅಂತ ಉಳಿದಿರುವುದು ಅಲ್ಯೂಮಿನಿಯಂ ತಗಡು ಮತ್ತು ಆಶ್‌ಟ್ರೇ. ಆದ್ದರಿಂದ ಇದನ್ನು ಈ ಕಾಲದ ಯಾವುದೇ ಸಣ್ಣ ವಿಮಾನಕ್ಕೆ ಒಪ್ಪುವ ವಿಮರ್ಶೆ ಅಂತ ಓದಿಕೊಳ್ಳಿ. ಕೊಳ್ಳುವ ಆಸೆಯಿರುವವರು ನನಗೆ ಮೈಲೇಜು, ವೇಗ ಕೇಳುತ್ತಾರೆ. ಅದು ಎಲ್ಲ ಕಡೆ ಸಿಗುತ್ತದೆ. ಗಂಟೆಗೆ ಎಂಟು ಗ್ಯಾಲನ್ ಕುಡಿಯುತ್ತದೆ, ಮುಗಿಯಿತು. ಏನೇನು ಕೈಕೊಡುತ್ತದೆ, ಕೊಟ್ಟಾಗ ಹೇಗೆ ಗೊತ್ತಾಗುತ್ತದೆ, ಅದನ್ನು ಯಾರೂ ಕೇಳುವುದಿಲ್ಲ.

ಮೈಸೂರಿನಿಂದ ಫೋನ್ ಮಾಡುವ ಚಿಕ್ಕಪ್ಪನದು ಒಂದೇ ಪ್ರಶ್ನೆ: "ಎಂಜಿನ್ ನಿಂತ್ರೆ ಏನ್ ಮಾಡ್ತೀಯೋ?" ಈವರೆಗೆ ನಿಂತಿಲ್ಲ. ನಿಂತರೂ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಸಾವಿರ ಅಡಿ ಎತ್ತರಕ್ಕೆ ಒಂದೂವರೆ ಮೈಲಿಯಷ್ಟು ತೇಲಿಕೊಂಡು ಹೋಗುತ್ತದೆ, ನಾವು ತರಬೇತಿಯಲ್ಲಿ ಅದನ್ನೇ ಸಾಕಾಗುವಷ್ಟು ಮಾಡಿರುತ್ತೇವೆ. ಎಂಜಿನ್ ನಿಂತರೆ ಯಾರೂ ಬಂದು ಹೇಳಬೇಕಾಗಿಲ್ಲ. ನನ್ನನ್ನು ಹೆದರಿಸಿದ್ದು ಸದ್ದಿಲ್ಲದೆ ಕೆಟ್ಟು, ಕೆಟ್ಟಿಲ್ಲದವರಂತೆ ಕೂತಿದ್ದ ಸಾಮಾನುಗಳು.

ಮೊದಲನೆಯದು ಆಲ್ಟರ್ನೇಟರ್, ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬುವುದು. ನಾಲ್ಕನೇ ವರ್ಷ, ಏಪ್ರಿಲ್ ತಿಂಗಳ ಮಧ್ಯಾಹ್ನ, ಪಾಸೊ ರೋಬಲ್ಸ್‌ನಿಂದ ಮನೆಗೆ ಬರುತ್ತಿದ್ದೆ. 6,500 ಅಡಿ, ಕೆಳಗೆ ಸಲಿನಾಸ್ ಕಣಿವೆ, ಹಿಂದಿನ ಸೀಟಿನಲ್ಲಿ ಗೆಳೆಯನ ಇಬ್ಬರು ಮಕ್ಕಳು ನಿದ್ದೆ. ಅಪ್ರೋಚ್‌ನ ಕಂಟ್ರೋಲರ್ ಕೇಳಿದರು, ನಿಮ್ಮ ಟ್ರಾನ್ಸ್‌ಪಾಂಡರ್ ನಮಗೆ ಕಾಣುತ್ತಿಲ್ಲ, ಒಮ್ಮೆ ಆಫ್ ಮಾಡಿ ಆನ್ ಮಾಡುತ್ತೀರಾ? (ರಾಡಾರ್ ಕೇಳಿದಾಗ ವಿಮಾನದ ಗುರುತು ಹೇಳುವ ಪೆಟ್ಟಿಗೆ ಅದು.) ಮಾಡಿದೆ. ಆಮೇಲೆ ಹೆಡ್‌ಫೋನಿನಲ್ಲಿ ಕರಕರ. ರೇಡಿಯೋದ ಅಂಕಿಗಳು ಮಂಕಾದವು. ಆಗ ಕಣ್ಣು ಹೋಯಿತು, ಬ್ಯಾಟರಿಗೆ ಕರೆಂಟ್ ಬರುತ್ತಿದೆಯೋ ಹೋಗುತ್ತಿದೆಯೋ ತೋರಿಸುವ ಆಮ್ಮೀಟರಿನ ಕಡೆ. ನಮ್ಮ ವಿಮಾನದಲ್ಲಿ ಅದಿರುವುದು ಪ್ಯಾನೆಲ್ಲಿನ ಮೂಲೆಯಲ್ಲಿ, ನಾಲ್ಕಾಣೆ ಬಿಲ್ಲೆಯಷ್ಟು ದೊಡ್ಡದು. ಮುಳ್ಳು ಸೊನ್ನೆಯ ಎಡಕ್ಕೆ ವಾಲಿತ್ತು, ಅಂದರೆ ಬ್ಯಾಟರಿ ಖಾಲಿಯಾಗುತ್ತಿತ್ತು. ಎಷ್ಟು ಹೊತ್ತಿನಿಂದ ಹಾಗಿತ್ತೋ? ನಾನು ಅದನ್ನು ಹೊರಡುವಾಗ ನೋಡಿದ್ದೇ ಕೊನೆ. ಅಂದರೆ ಅರ್ಧ ಗಂಟೆ ಬ್ಯಾಟರಿಯಿಂದಲೇ ಬದುಕಿದ್ದೆವು, ನನಗೆ ಸುದ್ದಿಯೇ ಇಲ್ಲ.

ಆಲ್ಟರ್ನೇಟರ್ ಸ್ವಿಚ್ ಒಮ್ಮೆ ಆಫ್, ಆನ್. ಕರೆಂಟ್ ಕಡಿಯುವ ಬ್ರೇಕರ್ ಹಾರಿಲ್ಲ. (ಹಾರಿದ್ದರೂ ಒಂದೇ ಸಲ ಒತ್ತಬೇಕು, ಎರಡನೇ ಸಲ ಒತ್ತಿದರೆ ಎಲ್ಲೋ ಸುಡುತ್ತಿರುವ ತಂತಿಗೆ ನಾವೇ ಕರೆಂಟ್ ಕೊಟ್ಟ ಹಾಗೆ.) ಕಂಟ್ರೋಲರಿಗೆ ಕರೆಂಟಿನ ತೊಂದರೆ, ಹಾಲಿಸ್ಟರ್‌ನಲ್ಲಿ ಇಳಿಯುತ್ತೇನೆ ಅಂತ ಹೇಳಿ, ಅವರು ಕೇಳಿಸಿಕೊಂಡರು ಅಂತ ಖಾತ್ರಿ ಮಾಡಿಕೊಂಡು, ಉಳಿದ ಬ್ಯಾಟರಿ ಉಳಿಸಲು ಮಾಸ್ಟರ್ ಸ್ವಿಚ್ಚನ್ನೇ ಆರಿಸಿದೆ. ಮಕ್ಕಳಿಗೆ ಎಚ್ಚರವೂ ಆಗಲಿಲ್ಲ. ಎಂಜಿನ್ನಿಗೆ ಕಿಡಿ ಕೊಡುವುದು ಮ್ಯಾಗ್ನೆಟೋಗಳು. ಅವಕ್ಕೆ ಬ್ಯಾಟರಿಯ ಹಂಗಿಲ್ಲ. ಇಡೀ ವಿಮಾನದ ಕರೆಂಟ್ ಹೋದರೂ ಎಂಜಿನ್ ತನ್ನ ಪಾಡಿಗೆ ಓಡುತ್ತದೆ. ಹಳೇ ವಿನ್ಯಾಸಕ್ಕೆ ನಾನು ಕೈಮುಗಿಯುವುದು ಇಲ್ಲಿ.

ಇನ್ನು ಚೀಲದಲ್ಲಿದ್ದ ಕೈ ರೇಡಿಯೋ. ಇಂಥ ಹೊತ್ತಿಗೇ ಅಂತ ಕೊಂಡದ್ದು. ಬಟನ್ ಒತ್ತಿದೆ, ಪರದೆ ಒಮ್ಮೆ ಬೆಳಗಿ ಆರಿತು. ಚಾರ್ಜ್ ಮಾಡಿ ಎಂಟು ತಿಂಗಳಾಗಿತ್ತು! ತಪ್ಪು ರೇಡಿಯೋದ್ದಲ್ಲ, ನನ್ನದು. ಈಗ ಸಾಮಾನ್ಯ ಎಎ ಸೆಲ್ ಹಾಕುವ ಟ್ರೇ ಇಟ್ಟುಕೊಂಡಿದ್ದೇನೆ, ಹೊಸ ಸೆಲ್‌ಗಳ ಪ್ಯಾಕೆಟ್ ಒಡೆಯದೆ ಜೊತೆಗಿದೆ.

ಹಾಲಿಸ್ಟರ್ ಆರಿಸಿಕೊಂಡದ್ದಕ್ಕೆ ಕಾರಣ, ಅಲ್ಲಿ ರೇಡಿಯೋದಲ್ಲಿ ಅನುಮತಿ ಕೊಡುವ ಟವರ್ ಇಲ್ಲ. ಅಂದರೆ ರೇಡಿಯೋ ಇಲ್ಲದೆ ಇಳಿಯುವುದು ನಿಯಮಕ್ಕೆ ವಿರೋಧವೂ ಅಲ್ಲ. ಗ್ಲೈಡರ್‌ಗಳೂ ಓಡಾಡುವ ಜಾಗ, ಎಲ್ಲರೂ ಕಣ್ಣು ಬಿಟ್ಟುಕೊಂಡೇ ಹಾರುತ್ತಾರೆ. ಇಳಿಯುವವರು ರನ್‌ವೇ ಸುತ್ತ ಹಾರುವ ದಾರಿಗಿಂತ ಎತ್ತರದಲ್ಲೇ ಒಂದು ಸುತ್ತು ಹಾಕಿ, ಗಾಳಿಯ ದಿಕ್ಕು ತೋರಿಸುವ ವಿಂಡ್‌ಸಾಕ್ ನೋಡಿ ಸರದಿ ಹಿಡಿದೆ. ರೆಕ್ಕೆಯ ಹಿಂಬದಿಯಿಂದ ಇಳಿದು ವೇಗ ತಗ್ಗಿಸುವ ಫ್ಲ್ಯಾಪ್ ಮುಟ್ಟಲಿಲ್ಲ. ನಮ್ಮ ಫ್ಲ್ಯಾಪ್ ಕರೆಂಟಿನದು. ಉಳಿದ ಚೂರು ಬ್ಯಾಟರಿಯಲ್ಲಿ ಕೆಳಗಿಳಿದು, ಮತ್ತೆ ಮೇಲೇಳಬೇಕಾದಾಗ ಮಡಚಿಕೊಳ್ಳದಿದ್ದರೆ ಅದು ಹೊಸ ತಲೆನೋವು. ರನ್‌ವೇ ಉದ್ದ ಧಾರಾಳವಾಗಿತ್ತು. ಇಳಿದು ನಿಂತ ಮೇಲೆ ಎದೆಯಲ್ಲಿ ಅವಲಕ್ಕಿ ಕುಟ್ಟಲು ಶುರುವಾಯಿತು, ಅದುವರೆಗೆ ಪುರುಸೊತ್ತಿರಲಿಲ್ಲ.

ಮೆಕ್ಯಾನಿಕ್ ಹುಡುಕಿದ್ದು ಆಲ್ಟರ್ನೇಟರ್ ಹಿಂದೆ ಅಲುಗಾಟಕ್ಕೆ ತುಂಡಾದ ಒಂದು ತಂತಿಯ ತುದಿ. ಸಾಮಾನಿನ ಬೆಲೆ ಒಂದು ಕಾಫಿಗಿಂತ ಕಡಿಮೆ, ಹುಡುಕಿದ ಕೂಲಿ ಎರಡು ಗಂಟೆಯದು. ಆಮೇಲೆ ನಾವು ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಪುಟ್ಟ ವೋಲ್ಟ್‌ಮೀಟರ್ ಕೊಂಡೆವು. 14ರ ಆಸುಪಾಸು ತೋರಿಸಿದರೆ ಚಾರ್ಜ್ ಆಗುತ್ತಿದೆ, 12ರ ಕಡೆ ಇಳಿಯುತ್ತಿದ್ದರೆ ಬ್ಯಾಟರಿ ತಿನ್ನುತ್ತಿದ್ದೇವೆ. ಈ ವಿಮಾನಕ್ಕೆ ನಾವು ಮಾಡಿದ ಅತ್ಯಂತ ಅಗ್ಗದ, ಅತ್ಯಂತ ಒಳ್ಳೆಯ ಖರ್ಚು ಅದು.

ಟವರ್ ಇರುವ ಕಡೆಗೇ ಹೋಗಬೇಕಾಗಿದ್ದರೆ? ಟ್ರಾನ್ಸ್‌ಪಾಂಡರಿಗೆ ಜೀವವಿದ್ದರೆ 7600, ರೇಡಿಯೋ ಹೋಗಿದೆ ಅನ್ನುವ ಸಂಖ್ಯೆ. ಟವರಿನವರು ಬಣ್ಣದ ದೀಪ ಬಿಡುತ್ತಾರೆ: ನಿಂತ ಹಸಿರು ಅಂದರೆ ಇಳಿ, ನಿಂತ ಕೆಂಪು ಅಂದರೆ ದಾರಿ ಬಿಟ್ಟು ಸುತ್ತುತ್ತಿರು, ಮಿನುಗುವ ಕೆಂಪು ಅಂದರೆ ಇಲ್ಲಿ ಇಳಿಯಬೇಡ. ಹಗಲಾದರೆ ರೆಕ್ಕೆ ಅಲ್ಲಾಡಿಸಿ ತಿಳಿಯಿತು ಅನ್ನಬೇಕು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಹಾಲಿಸ್ಟರ್ ಆದಮೇಲೆ ಒಂದು ಬಿಡುವಿನ ಬೆಳಿಗ್ಗೆ ಲಿವರ್‌ಮೋರ್ ಟವರನ್ನು ಕೇಳಿಕೊಂಡು ನಿಜವಾಗಿ ತೋರಿಸಿಕೊಂಡೆ. ಪ್ರಖರ ಬಿಸಿಲಲ್ಲಿ ಆ ಹಸಿರು ಎಲ್ಲೋ ದೂರದ ಮಿಂಚುಹುಳು. ಎಲ್ಲಿ ನೋಡಬೇಕು ಅಂತ ಮೊದಲೇ ಗೊತ್ತಿಲ್ಲದಿದ್ದರೆ ಕಾಣಿಸುವುದೇ ಇಲ್ಲ.

ಎರಡನೆಯದು ಇದಕ್ಕಿಂತ ಕಪಟಿ. ವ್ಯಾಕ್ಯೂಮ್ ಪಂಪ್. ಎಂಜಿನ್ನಿಗೆ ಅಂಟಿಕೊಂಡ ಆ ಪುಟ್ಟ ಪಂಪಿನೊಳಗೆ ಇಂಗಾಲದ ರೆಕ್ಕೆಗಳು, ಎಣ್ಣೆಯಿಲ್ಲದೆ ಒಣಗಿ ತಿರುಗುತ್ತಿರುತ್ತವೆ. ಅದು ಎಳೆಯುವ ಗಾಳಿಯಿಂದ ಎರಡು ಗೈರೋ, ಅಂದರೆ ಬುಗುರಿಯಂಥ ಚಕ್ರಗಳು, ಸುತ್ತುತ್ತವೆ: ವಿಮಾನ ಎತ್ತ ವಾಲಿದೆ ಅಂತ ತೋರಿಸುವುದು ಒಂದು, ಮೂತಿ ಯಾವ ದಿಕ್ಕಿಗಿದೆ ಅಂತ ತೋರಿಸುವುದು ಇನ್ನೊಂದು. ಪಂಪಿನ ರೆಕ್ಕೆ ಪಟ್ಟಂತ ಮುರಿಯುತ್ತದೆ, ಮುನ್ಸೂಚನೆ ಇಲ್ಲ. ಆದರೆ ಗೈರೋ ತಕ್ಷಣ ನಿಲ್ಲುವುದಿಲ್ಲ, ಬುಗುರಿಯ ಹಾಗೆ ವೇಗ ಕಳೆದುಕೊಳ್ಳುತ್ತ ನಿಧಾನವಾಗಿ ವಾಲುತ್ತದೆ. ಡಯಲ್ಲಿನ ಮೇಲೆ ನೋಡಿದರೆ ವಿಮಾನವೇ ಬಲಕ್ಕೆ ವಾಲುತ್ತಿರುವ ಹಾಗೆ. ನೆಟ್ಟಗಿರುವ ವಿಮಾನವನ್ನು ನೆಟ್ಟಗೆ ಮಾಡಲು ಹೋಗಿ ನೀವೇ ಎಡಕ್ಕೆ ತಿರುಗಿಸುತ್ತೀರಿ. ನನಗೆ ಆದದ್ದು ನಿಚ್ಚಳ ಆಕಾಶದಲ್ಲಿ. ಕಿಟಕಿಯಾಚೆ ಬೆಟ್ಟದ ಸಾಲು ನೆಟ್ಟಗೆ, ಉಪಕರಣ ಸೊಟ್ಟಗೆ. ಆದರೂ ಕೈ ಉಪಕರಣದ ಮಾತನ್ನೇ ಕೇಳಲು ಹೊರಟಿತ್ತು! ಮೋಡದೊಳಗಾಗಿದ್ದರೆ ಯಾರ ಮಾತು ಕೇಳುತ್ತಿದ್ದೆನೋ.

ಮಾಡಬೇಕಾದದ್ದು ಇಷ್ಟೇ: ಸುಳ್ಳು ಹೇಳುವ ಉಪಕರಣವನ್ನು ಮುಚ್ಚಿಬಿಡುವುದು. ಕಣ್ಣಿಗೆ ಕಾಣುತ್ತಿರುವವರೆಗೆ ಮನಸ್ಸು ಅದನ್ನು ನಂಬುತ್ತಲೇ ಇರುತ್ತದೆ. ಅವತ್ತು ಪೆಟ್ರೋಲ್ ರಸೀದಿಯನ್ನು ಮುದುರಿ ಸಿಕ್ಕಿಸಿದೆ. ಮುಂದಿನ ವರ್ಷ ಪಾಲುದಾರರೆಲ್ಲ ಸೇರಿ ಆ ಎರಡನ್ನೂ ಕಿತ್ತು, ಒಳಗೇ ಬ್ಯಾಟರಿಯಿರುವ ಎಲೆಕ್ಟ್ರಾನಿಕ್ ಉಪಕರಣ ಹಾಕಿಸಿದೆವು. ದುಬಾರಿ. ಅದಕ್ಕೆ ಏನಾದರೂ ಆದರೆ ಪರದೆಯ ಮೇಲೆ ದೊಡ್ಡ ಕೆಂಪು ಗುರುತು ಬರುತ್ತದೆ. ನಾನು ದುಡ್ಡು ಕೊಟ್ಟದ್ದು ಆ ಕೆಂಪು ಗುರುತಿಗೆ.

ಮೂರನೆಯದು ನಮ್ಮಮ್ಮನಿಂದ ಆದದ್ದು. ಆಯುಧಪೂಜೆಗೆ ಇಲ್ಲಿದ್ದರು. ಕಾರಿಗೆ ಮಾಡಿದ ಮೇಲೆ ವಿಮಾನಕ್ಕೂ ಆಗಬೇಕಲ್ಲ. ನಿಂಬೆಹಣ್ಣು, ಸೇವಂತಿಗೆ ಹಾರ, ಪ್ರೊಪೆಲ್ಲರಿಗೆ ಅರಿಶಿನ ಕುಂಕುಮ. ಹಾರವನ್ನು ರೆಕ್ಕೆಯ ಕೆಳಗಿನ, ವೇಗ ಅಳೆಯುವ ಪಿಟೋಟ್ ಕೊಳವೆಗೆ ನೇತುಹಾಕಲು ಹೊರಟವರನ್ನು ತಡೆದೆ, ಜಾಣನಂತೆ ಬೀಗಿದೆ. ಎರಡು ದಿನ ಬಿಟ್ಟು ಹಾರುವ ಮುಂಚಿನ ತಪಾಸಣೆ ಮಾಡುವಾಗ ನೋಡುತ್ತೇನೆ, ಎಡಬದಿಯ ಸ್ಟ್ಯಾಟಿಕ್ ಪೋರ್ಟ್ ಮೇಲೆ, ಆ ಸೂಜಿತೂತಿನ ಮೇಲೆಯೇ, ಎಣ್ಣೆ ಕಲಸಿದ ಕುಂಕುಮ ಒಣಗಿ ಕೂತಿದೆ.

"ಅಮ್ಮಾ, ಅಲ್ಲಿ ಯಾಕಮ್ಮ ಇಟ್ಟೆ?"

"ಬೊಟ್ಟಿನ ಜಾಗ ಅಂತಾನೇ ದುಂಡಗೆ ಮಾಡಿಟ್ಟಿದ್ರಲ್ಲೋ!"

ಹೊರಗಿನ ಗಾಳಿಯ ಒತ್ತಡ ಒಳಗೆ ಬರುವುದು ಆ ತೂತಿನಿಂದ. ಅದು ಮುಚ್ಚಿದರೆ ಎತ್ತರದ ಮುಳ್ಳು ನೆಲದ ಮಟ್ಟದಲ್ಲೇ ಕೂರುತ್ತದೆ, ಏರಿಳಿತದ್ದು ಸೊನ್ನೆಯಲ್ಲಿ, ಮೇಲೇರುತ್ತ ವೇಗದ ಮುಳ್ಳು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ನಗುವ ವಿಷಯವಲ್ಲ. 1996ರ ಅಕ್ಟೋಬರಿನಲ್ಲಿ ಪೆರುವಿನ ಲಿಮಾದಿಂದ ರಾತ್ರಿ ಹೊರಟ ಏರೋಪೆರು 603, ಬೋಯಿಂಗ್ 757, ಸಮುದ್ರಕ್ಕೆ ಬಿದ್ದು 70 ಜನ ಸತ್ತದ್ದು ಇದೇ ಕಾರಣಕ್ಕೆ. ವಿಮಾನ ತೊಳೆಯುವಾಗ ಈ ತೂತುಗಳಿಗೆ ಅಂಟಿಸಿದ ಟೇಪ್ ತೆಗೆಯಲು ಮರೆತಿದ್ದರು. ನಮ್ಮದನ್ನು ಮೆಕ್ಯಾನಿಕ್ ಬಿಡಿಸಿ ಕೊಳವೆಗಳನ್ನೂ ಪರೀಕ್ಷಿಸಿದ. ಬಾಯಿಂದ ಊದಿ ಬಿಡಿಸಲು ಹೋಗಬೇಡಿ, ಒಳಗಿನ ಉಪಕರಣ ಕೆಡುತ್ತದೆ. ಅಮ್ಮನ ಕುಂಕುಮಕ್ಕೆ ಈಗ ಪ್ರೊಪೆಲ್ಲರಿನ ಮೂತಿ ಖಾಯಂ ಜಾಗ.

ಮ್ಯಾಗ್ನೆಟೋ ಬಗ್ಗೆ ಹೊಗಳಿದೆನಲ್ಲ, ಒಂದು ದೂರೂ ಇದೆ. ಹಾರುವ ಮುಂಚೆ ಎಂಜಿನ್ನನ್ನು 1700 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಓಡಿಸಿ ಎರಡು ಮ್ಯಾಗ್ನೆಟೋಗಳನ್ನೂ ಒಂದೊಂದಾಗಿ ಪರೀಕ್ಷಿಸಬೇಕು. ನಮ್ಮದರಲ್ಲಿ ಒಂದನ್ನು ಆರಿಸಿದಾಗ ಆರ್‌ಪಿಎಂ 125ಕ್ಕಿಂತ ಹೆಚ್ಚು ಇಳಿಯಬಾರದು. ನಾವು ಹಾಕುವ 100 ಎಲ್‌ಎಲ್ ಅನ್ನುವ ವಿಮಾನದ ಪೆಟ್ರೋಲಿನಲ್ಲಿ ಈಗಲೂ ಸೀಸ ಇದೆ, ಅದು ಪ್ಲಗ್ಗಿಗೆ ಮೆತ್ತಿಕೊಂಡು ಎಂಜಿನ್ ಗಡಗಡ ಅನ್ನುತ್ತದೆ. ಪೆಟ್ರೋಲ್ ಕಡಿಮೆ ಮಾಡಿ ಒಂದು ನಿಮಿಷ ಬಿಸಿ ಓಡಿಸಿದರೆ ಸುಟ್ಟುಹೋಗುತ್ತದೆ, ಹತ್ತರಲ್ಲಿ ಒಂಬತ್ತು ಸಲ. ಹತ್ತನೆಯದು ಸಿಯೆರಾ ತಪ್ಪಲಿನ ಕೊಲಂಬಿಯಾದಲ್ಲಿ, ಒಂದು ಭಾನುವಾರ. ಸಂಜೆ ಮನೆಯಲ್ಲಿ ಸತ್ಯನಾರಾಯಣ ಪೂಜೆ, ನಲವತ್ತು ಜನ. ಮೂರು ಸಲ ಸುಟ್ಟು ನೋಡಿದೆ, 200 ಇಳಿಯುತ್ತಲೇ ಇತ್ತು. ಇನ್ನೊಂದು ಮ್ಯಾಗ್ನೆಟೋ ಸರಿಯಾಗೇ ಇದೆಯಲ್ಲ, ನಲವತ್ತು ನಿಮಿಷದ ದಾರಿ ತಾನೇ, ಅಂತ ಮನಸ್ಸು ವಕೀಲಿ ಶುರುಮಾಡಿತು. ಅದು ಹೇಳಿದ್ದು ಸುಳ್ಳೂ ಅಲ್ಲ. ವಿಮಾನ ಕಟ್ಟಿಹಾಕಿ, ಯಾರದೋ ಕಾರಿಗೆ ಕೈಯೊಡ್ಡಿ, ಮನೆ ಮುಟ್ಟುವಾಗ ಸಪಾದ ಭಕ್ಷ್ಯದ ಪಾತ್ರೆ ತಳ ಕಂಡಿತ್ತು. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಮ್ಯಾಗ್ನೆಟೋ ಬಿಚ್ಚಿದಾಗ ಒಳಗೆ ಕಿಡಿಗಾಗಿ ತೆರೆದು ಮುಚ್ಚುವ ಪಾಯಿಂಟುಗಳು ಪೂರ್ತಿ ಸವೆದಿದ್ದವು. 500 ಗಂಟೆಗೊಮ್ಮೆ ಬಿಚ್ಚಿ ನೋಡಬೇಕಾದ್ದನ್ನು ನಾವು ನಾಲ್ವರೂ ಇನ್ನೊಬ್ಬ ನೋಡಿಸಿರುತ್ತಾನೆ ಅಂದುಕೊಂಡಿದ್ದೆವು. ಪಾಲಿನ ವಿಮಾನದ ನಿಜವಾದ ದೋಷ ಇದು.

ಸಣ್ಣಪುಟ್ಟವು ಲೆಕ್ಕವಿಲ್ಲ. ಪೆಟ್ರೋಲ್ ಗೇಜನ್ನು ಒಂದು ದಿನವೂ ನಂಬಿಲ್ಲ, ಏಣಿ ಹತ್ತಿ ಕಡ್ಡಿ ಇಳಿಬಿಟ್ಟು ಅಳೆಯುತ್ತೇನೆ. ಜುಲೈ ಬಿಸಿಲಿಗೆ ನಕ್ಷೆಯ ಟ್ಯಾಬ್ಲೆಟ್ ಕಾದು ತಾನಾಗಿ ಆರುತ್ತದೆ, ಫೋನಿನಲ್ಲಿ ಇನ್ನೊಂದು ನಕ್ಷೆ ಇರಲಿ. ಹಾಫ್ ಮೂನ್ ಬೇ ಕಡೆ ತೇವದ ಗಾಳಿಯಲ್ಲಿ ಕಾರ್ಬ್ಯುರೇಟರಿನೊಳಗೆ ಮಂಜುಗಟ್ಟಿ ಆರ್‌ಪಿಎಂ ಮೆಲ್ಲಗೆ ಇಳಿಯುತ್ತದೆ. ಬಿಸಿಗಾಳಿಯ ಗುಬುಟು ಎಳೆದರೆ ಮೊದಲು ಎಂಜಿನ್ ಇನ್ನೂ ಕೆಟ್ಟದಾಗಿ ಕೆಮ್ಮುತ್ತದೆ. ಹೆದರಿ ಗುಬುಟು ಹಿಂದಕ್ಕೆ ತಳ್ಳಬೇಡಿ, ಕರಗಿದ ನೀರು ನುಂಗುತ್ತಿರುತ್ತದೆ ಅಷ್ಟೇ. ಮೇಲೇರುವಾಗ ಬಾಗಿಲು ತೆರೆದುಕೊಂಡದ್ದು ಎರಡು ಸಲ. ಸದ್ದು ಪ್ರಳಯದಷ್ಟು, ಅಪಾಯ ಸೊನ್ನೆ, ಬಾಗಿಲ ಕಡೆ ತಿರುಗಿ ಕೂರದಿದ್ದರೆ. 1972ರ ಡಿಸೆಂಬರಿನಲ್ಲಿ ಮಯಾಮಿ ಹತ್ತಿರ ಈಸ್ಟರ್ನ್ 401 ವಿಮಾನದವರು ಮುಂದಿನ ಚಕ್ರ ಇಳಿದಿದೆ ಅಂತ ತೋರಿಸುವ, ಸುಟ್ಟುಹೋದ ಒಂದು ಬಲ್ಬಿನ ಹಿಂದೆ ಬಿದ್ದಿದ್ದಾಗ ವಿಮಾನ ಇಳಿಯುತ್ತಿದ್ದುದು ಯಾರಿಗೂ ಕಾಣಲಿಲ್ಲ, 101 ಜನ ಹೋದರು. ನನ್ನ ಗುರು ಬಾಗಿಲು ತೆರೆದುಕೊಂಡಾಗಲೆಲ್ಲ ಆ ಬಲ್ಬಿನ ಹೆಸರು ಹೇಳುತ್ತಿದ್ದರು.

ಕಾಗದಪತ್ರದ ಮಾತು: ಏನಾದರೂ ಕೆಟ್ಟಿದ್ದು ಅದು ಹಾರಲು ಕಡ್ಡಾಯವಾದದ್ದಲ್ಲ ಅಂದರೆ, ಅದನ್ನು ಕಳಚಿ ಅಥವಾ ನಿಷ್ಕ್ರಿಯ ಮಾಡಿ, ಕೆಲಸ ಮಾಡುವುದಿಲ್ಲ ಅನ್ನುವ ಚೀಟಿ ಅಂಟಿಸಿ ಹಾರಬಹುದು. ಚೀಟಿ ಅಂಟಿಸದೆ ಹಾರುವವರೇ ಜಾಸ್ತಿ. ನಾವು ಲೇಬಲ್ ಯಂತ್ರವನ್ನೇ ವಿಮಾನದಲ್ಲಿ ಇಟ್ಟಿದ್ದೇವೆ. ನಾಲ್ವರು ಹಾರಿಸುವಾಗ, ನಿನ್ನೆಯವನಿಗೆ ಗೊತ್ತಿದ್ದದ್ದು ಇವತ್ತಿನವನಿಗೆ ಗೊತ್ತಾಗುವ ದಾರಿ ಅದೊಂದೇ.

ಕೊಳ್ಳಬಹುದೇ? ಒಬ್ಬರೇ ಆದರೆ ಬೇಡ, ವಾರ್ಷಿಕ ತಪಾಸಣೆಯ ಬಿಲ್ ಬಂದ ತಿಂಗಳು ಮನೆಯಲ್ಲಿ ಮುಖ ತೋರಿಸಲಾಗುವುದಿಲ್ಲ. ಪಾಲಿಗಾದರೆ, ಪಾಲುದಾರರ ಜೇಬಿಗಿಂತ ಮೊದಲು ಅವರ ಲಾಗ್‌ಬುಕ್ಕಿನ ಅಕ್ಷರ ನೋಡಿ; ಸಣ್ಣ ತೊಂದರೆಯನ್ನೂ ಬರೆದಿಡುವವರ ಜೊತೆ ಸೇರಿ. ಐದರಲ್ಲಿ ನಾಲ್ಕು ನಕ್ಷತ್ರ. ಕಳೆದ ಒಂದು ಆ ಮೂಲೆಯ ಆಮ್ಮೀಟರಿಗೆ.

ಸದ್ಯ ಎಡ ಚಕ್ರದ ಬ್ರೇಕ್ ಎಣ್ಣೆ ಸೋರುತ್ತಿದೆ, ಸ್ಟಿಯರಿಂಗ್ ಮೇಲೆ ಕೆಂಪು ಚೀಟಿ ನೇತಾಡುತ್ತಿದೆ. ಶನಿವಾರ ರಬ್ಬರ್ ಉಂಗುರ ಬರುತ್ತದಂತೆ.