ಡೈವೋರ್ಸ್ ಆದ ಮೇಲೆ ಮನೆ ಉಳಿಸಿಕೊಳ್ಳುವವರೇ, ಬ್ಯಾಂಕಿನ ಪತ್ರ ಕೈಗೆ ಬರುವ ತನಕ ಸಹಿ ಹಾಕಬೇಡಿ

ಗಂಡ ಹೆಂಡತಿ ಇಬ್ಬರ ಹೆಸರಲ್ಲಿದ್ದ ಮನೆಯನ್ನೂ ಅದರ ಮೇಲಿನ ಸಾಲವನ್ನೂ ವಿಚ್ಛೇದನದ ನಂತರ ಒಬ್ಬರೇ ವಹಿಸಿಕೊಳ್ಳಲು ಹೊರಟವರು ಇದನ್ನು ಓದುತ್ತಿದ್ದರೆ, ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸಾಲವನ್ನು ನಿಮ್ಮೊಬ್ಬರ ಹೆಸರಿಗೆ ಮಾಡಿಕೊಡಲು ಬ್ಯಾಂಕ್ ಒಪ್ಪಿದೆ ಎನ್ನುವ ಮಂಜೂರಾತಿ ಪತ್ರ ಕೈಗೆ ಬರುವ ತನಕ, ಯಾರಿಗೆ ಏನು ಎಂದು ಇಬ್ಬರೂ ಒಪ್ಪಿ ಬರೆಯುವ ರಾಜಿ ಪತ್ರಕ್ಕೆ ಸಹಿ ಹಾಕಬೇಡಿ. ಎದುರಿನವರ ಪಾಲಿನ ಹಣವನ್ನೂ ಕೊಡಬೇಡಿ. ನನಗೆ ಇದನ್ನು ಯಾರೂ ಹೇಳಲಿಲ್ಲ. ವಕೀಲರು ಕೋರ್ಟಿನ ಕೆಲಸ ನೋಡಿದರು. ಬ್ಯಾಂಕಿನವರು ತಿಂಗಳು ತಿಂಗಳು ಕಂತು ಬರುತ್ತಿದೆಯೇ ಎಂದಷ್ಟೇ ನೋಡಿದರು. ಕೋರ್ಟಿನಲ್ಲಿ ಆದದ್ದು ಬ್ಯಾಂಕಿನಲ್ಲಿ ನಡೆಯುತ್ತದೆಯೇ ಎಂದು ಕೇಳುವ ಜವಾಬ್ದಾರಿ ಯಾರ ಮೇಲೂ ಇರಲಿಲ್ಲ.

ನಮ್ಮದು ಪರಸ್ಪರ ಒಪ್ಪಿಗೆಯ ವಿಚ್ಛೇದನ. ಹಾದಿರಂಪ ಬೀದಿರಂಪ ಏನೂ ಆಗಿರಲಿಲ್ಲ. ಮನೆ ನನಗೆ, ಗಂಡನ ಪಾಲಿಗೆ ಹಣ, ಮುಂದಿನ ಕಂತುಗಳೆಲ್ಲ ನನ್ನವು ಎಂದು ತೀರ್ಪಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅದಕ್ಕೂ ಮೊದಲೇ ನಾನು ಬ್ಯಾಂಕಿನ ಶಾಖೆಗೆ ಹೋಗಿ ವಿಚಾರಿಸಿದ್ದೆ. ಸಾಲದ ವಿಭಾಗದಲ್ಲಿದ್ದವರು, "ಏನೂ ತೊಂದರೆ ಇಲ್ಲ ಮೇಡಂ, ಕೋರ್ಟ್ ಆರ್ಡರ್ ತಂದುಕೊಡಿ, ಅವರ ಹೆಸರು ತೆಗೆದುಬಿಡೋಣ" ಎಂದಿದ್ದರು. ಆರ್ಡರ್ ತರುವ ಹೊತ್ತಿಗೆ ಅವರಿಗೆ ವರ್ಗವಾಗಿತ್ತು. ಅವರ ಜಾಗಕ್ಕೆ ಬಂದವರು ಆರ್ಡರನ್ನು ಪೂರ್ತಿ ಓದಿ, ಮಡಚಿ ನನ್ನ ಕಡೆಗೇ ಸರಿಸಿ ಹೇಳಿದರು: "ಇದು ನಿಮ್ಮಿಬ್ಬರ ಮಧ್ಯದ ವಿಷಯ. ನಮ್ಮ ಲೆಕ್ಕದಲ್ಲಿ ಇಬ್ಬರೂ ಸಾಲಗಾರರೇ."

ಕೇಳಿದಾಗ ಎದೆ ಧಸಕ್ಕೆಂದಿತು. ಆದರೆ ಕಾನೂನಿನ ಪ್ರಕಾರ ಅವರು ಹೇಳಿದ್ದೇ ಸರಿ. ಸಾಲದ ಕರಾರಿನಲ್ಲಿ ಇದ್ದವರು ಮೂವರು: ನಾನು, ಗಂಡನಾಗಿದ್ದವರು, ಬ್ಯಾಂಕು. ವಿಚ್ಛೇದನದ ಅರ್ಜಿಯಲ್ಲಿ ಇದ್ದವರು ಇಬ್ಬರೇ. ಅದರಲ್ಲಿ ಬ್ಯಾಂಕ್ ಕಕ್ಷಿದಾರನೇ ಅಲ್ಲದ ಮೇಲೆ ಆ ತೀರ್ಪು ಬ್ಯಾಂಕಿನ ಹಕ್ಕನ್ನು ಮೊಟಕು ಮಾಡುವುದಿಲ್ಲ. ಜಂಟಿ ಸಾಲ ಎಂದರೆ ಇಬ್ಬರಿಗೂ ಅರ್ಧರ್ಧ ಹೊಣೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ, ಒಬ್ಬೊಬ್ಬರೂ ಇಡೀ ಸಾಲಕ್ಕೆ ಹೊಣೆ. ಭಾರತದ 1872ರ ಕರಾರು ಕಾಯ್ದೆಯ 43ನೇ ಕಲಮು ಹೇಳುವುದು ಇದನ್ನೇ: ಬೇರೆ ಒಪ್ಪಂದ ಇಲ್ಲದಿದ್ದರೆ, ಜಂಟಿಯಾಗಿ ಮಾತು ಕೊಟ್ಟವರಲ್ಲಿ ಯಾರೊಬ್ಬರಿಂದ ಬೇಕಾದರೂ ಪೂರ್ತಿ ವಸೂಲಿ ಮಾಡಬಹುದು. ಬ್ರಿಟನ್, ಅಮೆರಿಕಗಳಲ್ಲೂ ಜಂಟಿ ಗೃಹಸಾಲದ ತತ್ವ ಇದೇ. ಅಮೆರಿಕದಲ್ಲಿ 1982ರ ಗಾರ್ನ್-ಸೇಂಟ್ ಜರ್ಮೇನ್ ಕಾಯ್ದೆಯಿಂದ ಒಂದು ರಕ್ಷಣೆ ಇದೆ. ವಿಚ್ಛೇದನದ ತೀರ್ಪಿನಿಂದಾಗಿ ವಾಸದ ಮನೆ ಗಂಡ ಅಥವಾ ಹೆಂಡತಿಯ ಹೆಸರಿಗೆ ಹೋದರೆ, ಅದೊಂದೇ ಕಾರಣಕ್ಕೆ ಸಾಲವನ್ನೆಲ್ಲ ಈಗಲೇ ತೀರಿಸಿ ಎಂದು ಸಾಲ ಕೊಟ್ಟವರು ಕೇಳುವಂತಿಲ್ಲ. ಆದರೆ ಅಲ್ಲೂ ಬಿಟ್ಟುಹೋದವರ ಹೆಸರು ಸಾಲದಿಂದ ತಾನಾಗಿ ಹೋಗುವುದಿಲ್ಲ. ಬ್ಯಾಂಕ್ ಬರವಣಿಗೆಯಲ್ಲಿ ಬಿಡುಗಡೆ ಮಾಡಬೇಕು, ಇಲ್ಲವೇ ಹೊಸ ಸಾಲ ತೆಗೆದು ಹಳೆಯದನ್ನು ತೀರಿಸಬೇಕು.

ಬ್ಯಾಂಕ್ ಸುಲಭಕ್ಕೆ ಯಾಕೆ ಬಿಡುವುದಿಲ್ಲ ಎಂದು ಯೋಚಿಸಿದರೆ ಉತ್ತರ ಕಷ್ಟವೇನಲ್ಲ. ಸಾಲ ಕೊಟ್ಟದ್ದು ಎರಡು ಸಂಬಳ ನೋಡಿ. ಈಗ ಒಂದನ್ನು ಬಿಟ್ಟುಕೊಡಿ ಎಂದು ಕೇಳಿದರೆ ಅವರು ನನ್ನೊಬ್ಬಳ ಅರ್ಜಿಯನ್ನು ಹೊಸ ಅರ್ಜಿಯ ಹಾಗೆಯೇ ತೂಗುತ್ತಾರೆ. ನನ್ನ ಸಂಬಳ, ನನ್ನ ವಯಸ್ಸು, ನಿವೃತ್ತಿಗೆ ಉಳಿದ ವರ್ಷ, ಸಾಲ ತೀರಿಸಿದ ದಾಖಲೆ ನೋಡಿ ಕೊಡುವ ಅಂಕ, ಅಂದರೆ ನನ್ನ ಕ್ರೆಡಿಟ್ ಸ್ಕೋರ್. ನಿವೃತ್ತಿ ಹತ್ತಿರವಿದ್ದಷ್ಟೂ ಅವಧಿ ಕಡಿಮೆ, ಅವಧಿ ಕಡಿಮೆಯಾದಷ್ಟೂ ಕಂತು ದೊಡ್ಡದು, ಕಂತು ದೊಡ್ಡದಾದಷ್ಟೂ ಅರ್ಜಿ ತಿರಸ್ಕಾರವಾಗುವ ಸಂಭವ ಹೆಚ್ಚು. ನಾನು ಒಂದು ಕಂತನ್ನೂ ತಪ್ಪಿಸದೆ ಕಟ್ಟಿಕೊಂಡು ಬಂದಿದ್ದೆ. ಅದಕ್ಕೆ ಬೆಲೆ ಇದೆ ಎಂದುಕೊಂಡಿದ್ದೆ. ಅವರ ಕೋಷ್ಟಕದಲ್ಲಿ ಆ ಸ್ಕೋರಿನಾಚೆ ಅದಕ್ಕೆ ಬೇರೆ ಜಾಗವೇ ಇರಲಿಲ್ಲ.

ಇನ್ನು ಪಾಲಿನ ಲೆಕ್ಕ. ಇದನ್ನು ನಿಧಾನವಾಗಿ ಓದಿ, ನನ್ನ ಕೈ ಸುಟ್ಟದ್ದು ಇಲ್ಲೇ. ಮನೆಯ ಬೆಲೆ 100 ಎಂದಿಟ್ಟುಕೊಳ್ಳಿ, ಬಾಕಿ ಸಾಲ 60. ಇಬ್ಬರದೂ ಅಂತ ಉಳಿಯುವುದು 40, ಸಮಪಾಲಾದರೆ ಎದುರಿನವರಿಗೆ ಸಲ್ಲಬೇಕಾದ್ದು 20. ಕೈಯಲ್ಲಿ ಹಣ ಇಲ್ಲದಿದ್ದರೆ ಹಳೆಯ ಸಾಲ ತೀರಿಸಲು 60, ಪಾಲು ಕೊಡಲು 20, ಒಟ್ಟು 80ರ ಹೊಸ ಸಾಲ ಬೇಕು. ಆದರೆ ಆ 100 ಎನ್ನುವ ಬೆಲೆ ಹೇಳಿದ್ದು ಯಾರು? ನಮಗೆ ಹೇಳಿದವರು ಮನೆ ಮಾರಿಸುವ ದಲ್ಲಾಳಿ. ಬ್ಯಾಂಕಿನ ಮೌಲ್ಯಮಾಪಕರು ಬಂದು ಅಳೆದು, ಕಟ್ಟಡದ ವಯಸ್ಸು ಕಳೆದು, 90 ಎಂದು ಬರೆದರು ಎಂದಿಟ್ಟುಕೊಳ್ಳಿ. ಅದರಲ್ಲಿ ಶೇಕಡಾ 80ರಷ್ಟು ಸಾಲ ಕೊಡುವುದಾದರೆ ಸಿಗುವುದು 72. ಉಳಿದ 8 ನಿಮ್ಮ ಜೇಬಿನಿಂದ. ಇದರ ಮೇಲೆ ಮೌಲ್ಯಮಾಪನದ ಶುಲ್ಕ, ಕಡತದ ಶುಲ್ಕ, ನೋಂದಣಿಯ ಖರ್ಚು, ಹೊಸ ಅಡಮಾನದ ಖರ್ಚು. ರಾಜಿ ಪತ್ರದಲ್ಲಿ ದಲ್ಲಾಳಿಯ ಬೆಲೆಯೇ ನಿಂತುಬಿಟ್ಟಿತ್ತು, ಅವರ ಪಾಲನ್ನು ಆ ಬೆಲೆಯ ಮೇಲೆ ಕೊಟ್ಟಾಗಿತ್ತು. ಬ್ಯಾಂಕಿನ ವರದಿ ಬಂದದ್ದು ಆಮೇಲೆ. ಬೆಲೆಯ ವಿಷಯದಲ್ಲಿ ಬ್ಯಾಂಕಿನ ಮೌಲ್ಯಮಾಪನವನ್ನೇ ಆಧಾರವಾಗಿಡಿ, ಇಲ್ಲವೇ ಎರಡರ ಸರಾಸರಿ ಎಂದಾದರೂ ಬರೆಸಿ. ವರದಿ ಕೈಗೆ ಬಂದ ಮೇಲೇ ಅಂಕಿ ತುಂಬಿಸಿ.

ಪಾಲಿನ ಮಾತುಕತೆಯಲ್ಲಿ ಇನ್ನೊಂದು ವಾದ ಬರುತ್ತದೆ: "ಇಷ್ಟು ವರ್ಷ ನಾನೂ ಕಂತು ಕಟ್ಟಿದ್ದೇನೆ, ಅದೆಲ್ಲ ವಾಪಸ್ ಬೇಕು." ಕಂತಿನ ಒಳಗೆ ಏನಿದೆ ಎಂದು ಇಬ್ಬರಿಗೂ ಗೊತ್ತಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಶೇಕಡಾ 9ರ ಬಡ್ಡಿಯಲ್ಲಿ 20 ವರ್ಷದ ಸಾಲ 100 ತೆಗೆದುಕೊಂಡರೆ, ಮೊದಲ 5 ವರ್ಷದಲ್ಲಿ ಕಟ್ಟುವುದು ಸುಮಾರು 54. ಅಷ್ಟು ಕಟ್ಟಿದರೂ ಅಸಲು ಇಳಿಯುವುದು 11ರಷ್ಟು ಮಾತ್ರ, ಇನ್ನೂ 89ರ ಹತ್ತಿರ ಬಾಕಿ ಇರುತ್ತದೆ. ಮಿಕ್ಕದ್ದೆಲ್ಲ ಬಡ್ಡಿಗೆ ಹೋಗಿರುತ್ತದೆ. ಆ ಬಡ್ಡಿ ಮನೆಯ ಬೆಲೆಯಲ್ಲಿ ಎಲ್ಲೂ ಸೇರಿಲ್ಲ, ಅದನ್ನು ಹಿಂದಿರುಗಿಸುವ ಹೊಣೆ ಮನೆ ಉಳಿಸಿಕೊಳ್ಳುವವರ ಮೇಲೆ ಬೀಳಬಾರದು. ಬ್ಯಾಂಕಿನಿಂದ ಅಸಲು-ಬಡ್ಡಿಯ ಪೂರ್ತಿ ಪಟ್ಟಿ ತರಿಸಿಕೊಂಡು ಅದನ್ನು ಮುಂದಿಟ್ಟುಕೊಂಡೇ ಮಾತಾಡಿ.

ತೀರ್ಪು ಬಂದ ಮೇಲೆ ನಾನೇ ಕಂತು ಕಟ್ಟುತ್ತಿದ್ದೆ. ಆದರೆ ಸಾಲದ ಅರ್ಜಿಯಲ್ಲಿ ಮುಖ್ಯ ಅರ್ಜಿದಾರರು ಎಂಬ ಜಾಗದಲ್ಲಿ ಅವರ ಹೆಸರಿತ್ತು, ಫೋನ್ ನಂಬರೂ ಅವರದೇ. ಬಡ್ಡಿ ದರ ಏರಿದ ಮೆಸೇಜು ಹೋದದ್ದು ಅವರಿಗೆ. ಕಂತು ಅಷ್ಟೇ ಇಟ್ಟು ಅವಧಿಯನ್ನು ಹಿಗ್ಗಿಸಿದ ಸೂಚನೆ ಹೋದದ್ದೂ ಅವರಿಗೆ. ಹೊಸ ಬದುಕು ಶುರುಮಾಡಿದ ಮನುಷ್ಯ ಹಳೆಯ ಮನೆಯ ಮೆಸೇಜನ್ನು ತೆರೆದು ನೋಡಲಿಲ್ಲ, ಅದಕ್ಕೆ ಅವರನ್ನು ದೂರುವುದಿಲ್ಲ. ನನಗೆ ತಿಳಿದದ್ದು ವರ್ಷದ ಸ್ಟೇಟ್‌ಮೆಂಟ್ ಕೇಳಿ ಪಡೆದಾಗ. ಕೊನೆಯ ಕಂತಿನ ತಾರೀಖು ನಾನು ಲೆಕ್ಕ ಹಾಕಿಕೊಂಡಿದ್ದಕ್ಕಿಂತ ವರ್ಷಗಟ್ಟಲೆ ಮುಂದೆ ಹೋಗಿತ್ತು. ಕೌಂಟರಿನಲ್ಲಿ ನಿಂತು ನಂಬರ್ ಬದಲಾಯಿಸಿ ಎಂದು ಕೇಳಿದರೆ, "ಮುಖ್ಯ ಅರ್ಜಿದಾರರು ಬಂದು ಸಹಿ ಹಾಕಬೇಕು" ಎಂಬ ಉತ್ತರ. ನಾನು ಇರುವ ಮನೆ, ನಾನು ಕಟ್ಟುವ ಸಾಲ, ಅದರ ಸುದ್ದಿ ನನಗೆ ಬರಬೇಕೆಂದರೆ ಅವರ ಸಹಿ ಬೇಕಿತ್ತು.

ಕಂತು ಕಡಿತವಾಗುತ್ತಿದ್ದದ್ದು ಜಂಟಿ ಖಾತೆಯಿಂದ. ಆ ಖಾತೆ ಮುಚ್ಚುವಾಗ ಹೊಸ ಖಾತೆಗೆ ಆಟೋ ಡೆಬಿಟ್ ಬದಲಾಯಿಸಲು ಅರ್ಜಿ ಕೊಟ್ಟಿದ್ದೆ, ರಸೀದಿಯೂ ನನ್ನ ಹತ್ತಿರ ಇದೆ. ಅರ್ಜಿ ಬ್ಯಾಂಕಿನವರ ಮೇಜಿನ ಮೇಲೇ ಕೂತಿತ್ತು. ಕಂತು ಬೌನ್ಸ್ ಆಯಿತು. ಇಬ್ಬರ ಕ್ರೆಡಿಟ್ ಸ್ಕೋರೂ ಒಟ್ಟಿಗೆ ಬಿತ್ತು. ಹೊಸ ಖಾತೆಯಿಂದ ಒಂದು ಕಂತು ಸರಿಯಾಗಿ ಹೋದದ್ದನ್ನು ಕಣ್ಣಾರೆ ಕಾಣುವ ತನಕ ಹಳೆಯ ಖಾತೆಯನ್ನು ಮುಚ್ಚಬೇಡಿ, ಅದರಲ್ಲಿ ಕಂತಿನಷ್ಟು ಹಣ ಬಿಟ್ಟಿರಿ.

ಸಂಬಂಧ ನಿಜವಾಗಿ ಕೆಟ್ಟದ್ದು ಇದಾದ ಮೇಲೆ. ಅವರು ತಮಗೊಂದು ಮನೆ ತೆಗೆದುಕೊಳ್ಳಲು ಸಾಲ ಕೇಳಿದರು. ನಮ್ಮ ಹಳೆಯ ಸಾಲ ಪೂರ್ತಿಯಾಗಿ ಅವರ ಹೊಣೆಯ ಪಟ್ಟಿಯಲ್ಲಿ ಕಾಣುತ್ತಿತ್ತು, ಜೊತೆಗೆ ಆ ಬೌನ್ಸ್. ಅರ್ಜಿ ತಿರಸ್ಕಾರವಾಯಿತು. ಸಿಟ್ಟೆಲ್ಲ ನನ್ನ ಮೇಲೆ ತಿರುಗಿತು. "ನೀನು ಬೇಕೆಂದೇ ನನ್ನ ಹೆಸರು ಇಟ್ಟುಕೊಂಡಿದ್ದೀಯಾ" ಎಂದರು. ನಾನು ಹೆಸರು ತೆಗೆಸಲು ಬ್ಯಾಂಕಿಗೆ ಅಲೆಯುತ್ತಿದ್ದೆ, ಅವರಿಗೆ ಅದು ಕಾಣಲಿಲ್ಲ. ಆಮೇಲೆ ಮನೆಯ ಮೇಲಿನ ತಮ್ಮ ಪಾಲನ್ನು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ನೋಂದಣಿ ಕಚೇರಿಗೆ ಬರುವುದನ್ನೇ ಮುಂದೂಡುತ್ತ ಹೋದರು. ಪಾಲಿನ ಹಣ ಅವರ ಕೈ ಸೇರಿಯಾಗಿತ್ತು. ಸಹಿ ಇಂಥ ದಿನದೊಳಗೆ ಹಾಕಬೇಕು ಎಂದು ರಾಜಿ ಪತ್ರದಲ್ಲಿ ಗಡುವು ಇರಲಿಲ್ಲ. ಸಭ್ಯರಾಗಿ ಬೇರೆಯಾದ ಇಬ್ಬರನ್ನು ಈ ಒಂದು ಸಾಲ ಮತ್ತೆ ವಕೀಲರ ನೋಟಿಸಿನ ತನಕ ಎಳೆದು ತಂದಿತು. ಮಕ್ಕಳಿರುವವರು ಇದನ್ನು ಎರಡು ಸಲ ಓದಿ, ಏಟು ಅವರಿಗೂ ತಗಲುತ್ತದೆ.

ಹಕ್ಕಿನ ಪತ್ರ ಬೇರೆ, ಸಾಲದ ಪತ್ರ ಬೇರೆ. ಒಂದರಲ್ಲಿ ಹೆಸರು ತೆಗೆಸಿದರೆ ಇನ್ನೊಂದರಲ್ಲಿ ಹೋಗುವುದಿಲ್ಲ. ಕ್ರಯಪತ್ರದಲ್ಲಿ ಅವರ ಹೆಸರು ಉಳಿದರೆ ಅವರ ಬೇರೆ ಸಾಲಗಳಿಗಾಗಿ ಆ ಪಾಲಿನ ಮೇಲೆ ಯಾರಾದರೂ ಬರಬಹುದು, ಅವರಿಗೆ ಏನಾದರೂ ಆದರೆ ವಾರಸುದಾರರು ಬಂದು ನಿಲ್ಲಬಹುದು. ಹಾಗೆಂದು ಬ್ಯಾಂಕನ್ನು ಕೇಳದೆ ಮೊದಲು ಹಕ್ಕು ಬಿಡುಗಡೆ ಮಾಡಿಸಿಕೊಳ್ಳಲು ಹೋದರೆ, ಅಡಮಾನದಲ್ಲಿರುವ ಆಸ್ತಿಯನ್ನು ಒಪ್ಪಿಗೆಯಿಲ್ಲದೆ ವರ್ಗಾಯಿಸಿದ ಹಾಗಾಗಿ ಸಾಲದ ಷರತ್ತು ಮುರಿದಂತಾಗಬಹುದು. ಬ್ಯಾಂಕಿನ ಮಂಜೂರಾತಿ ಮತ್ತು ನಿರಾಕ್ಷೇಪಣಾ ಪತ್ರ ಮೊದಲು. ಹಕ್ಕು ಬಿಡುಗಡೆ, ಪಾಲಿನ ಹಣ, ಹೊಸ ಸಾಲದ ಸಹಿ, ಈ ಮೂರೂ ಆಮೇಲೆ ಒಂದೇ ದಿನ ಆಗುವಂತೆ ಏರ್ಪಾಡು ಮಾಡಿಸಿ. ಯಾರೂ ಯಾರನ್ನೂ ಕಾಯುವ ಸ್ಥಿತಿ ಬರಬಾರದು.

ಮಂಜೂರಾತಿ ಪತ್ರ ಕೈಯಲ್ಲಿದ್ದರೂ ರಾಜಿ ಪತ್ರದಲ್ಲಿ ಇರಲೇಬೇಕಾದ ಸಾಲುಗಳನ್ನು ನಿಮ್ಮ ವಕೀಲರಿಗೆ ನೀವೇ ಹೇಳಿ ಬರೆಸಿ. ಸಾಲ ಒಬ್ಬರ ಹೆಸರಿಗೆ ಆಗಲು ಇಂಥ ತಾರೀಖಿನ ತನಕ ಸಮಯ. ಅಷ್ಟರೊಳಗೆ ಅದು ಆಗದೆ, ಬೇರೆ ಯಾವ ಬ್ಯಾಂಕೂ ಒಪ್ಪದಿದ್ದರೆ ಮನೆ ಮಾರಿ ಸಾಲ ತೀರಿಸಿ ಉಳಿದದ್ದನ್ನು ಇಂಥ ಪ್ರಮಾಣದಲ್ಲಿ ಹಂಚಿಕೊಳ್ಳುವುದು. ಅಲ್ಲಿಯವರೆಗೆ ಕಂತು ತಪ್ಪಿದರೆ ಅದರಿಂದ ಇನ್ನೊಬ್ಬರಿಗೆ ಆಗುವ ನಷ್ಟವನ್ನು ತಪ್ಪಿಸಿದವರೇ ತುಂಬಿಕೊಡುವುದು. ಬ್ಯಾಂಕ್ ಕೇಳಿದ ಕಾಗದಕ್ಕೆ ಇಷ್ಟು ದಿನದೊಳಗೆ ಸಹಿ ಹಾಕುವುದು. ಮನೆ ಮಾರುವ ಸಾಲನ್ನು ಬರೆಸಲು ಮನಸ್ಸು ಒಪ್ಪುವುದಿಲ್ಲ, ನನಗೆ ಗೊತ್ತು. ಮನೆ ಉಳಿಸಿಕೊಳ್ಳುವುದೇ ಆಗ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆದರೂ ಆ ಸಾಲು ಬೇಕು. ಅದಿಲ್ಲದೆ ಇಬ್ಬರೂ ಕೊನೆಯಿಲ್ಲದೆ ಸಿಕ್ಕಿಕೊಳ್ಳುತ್ತೀರಿ.

ಸಾಲಕ್ಕೆ ಮಾಡಿಸಿದ್ದ ವಿಮೆಯನ್ನು ಮರೆಯಬೇಡಿ. ನಮ್ಮ ಪಾಲಿಸಿ ಅವರೊಬ್ಬರ ಜೀವದ ಮೇಲಿತ್ತು. ಅಂದರೆ ನಾನೊಬ್ಬಳೇ ಕಂತು ಕಟ್ಟುತ್ತಿದ್ದ ಅಷ್ಟೂ ಕಾಲ, ನನಗೇನಾದರೂ ಆಗಿದ್ದರೆ ಒಂದು ಕಾಸೂ ಬರುತ್ತಿರಲಿಲ್ಲ, ಸಾಲ ಮಾತ್ರ ಹಾಗೇ ಇರುತ್ತಿತ್ತು. ಪಾಲಿಸಿ ಯಾರ ಮೇಲಿದೆ, ಸಾಲ ಬದಲಾದರೆ ಅದು ಮುಂದುವರಿಯುತ್ತದೆಯೇ, ಇಲ್ಲದಿದ್ದರೆ ಮೊದಲೇ ಕಟ್ಟಿದ ಪ್ರೀಮಿಯಂನಲ್ಲಿ ಎಷ್ಟು ವಾಪಸ್ ಎಂದು ಬರವಣಿಗೆಯಲ್ಲೇ ಕೇಳಿ. ಮನೆಯ ವಿಮೆಯಲ್ಲೂ, ತೆರಿಗೆ ರಸೀದಿಯಲ್ಲೂ, ಕರೆಂಟು ನೀರಿನ ಬಿಲ್ಲಿನಲ್ಲೂ ಹೆಸರು ಬದಲಾಯಿಸಿಕೊಳ್ಳಿ.

ಕೊನೆಗೆ ನನ್ನ ಅಣ್ಣ ಸಹಸಾಲಗಾರನಾಗಿ ನಿಂತ, ಬೇರೆ ಬ್ಯಾಂಕ್ ಸಾಲ ಕೊಟ್ಟಿತು. ಬಡ್ಡಿ ಮೊದಲಿಗಿಂತ ಹೆಚ್ಚು, ಅವಧಿಯೂ ಉದ್ದ. ಅಣ್ಣನ ಹೆಸರಿನಲ್ಲಿ ಈಗ ನನ್ನ ಇಡೀ ಸಾಲ ಕಾಣುತ್ತದೆ, ಅವನ ಮಕ್ಕಳ ಓದಿಗೆ ಸಾಲ ಬೇಕಾದಾಗ ಅದು ಅಡ್ಡ ಬರುತ್ತದೆ. ಅದಕ್ಕೇ ಪ್ರತಿ ವರ್ಷ ಕೈಗೆ ಸಿಕ್ಕಿದ ಹೆಚ್ಚಿನ ಹಣವನ್ನು ಅಸಲಿಗೆ ಹಾಕುತ್ತಿದ್ದೇನೆ. ಅಣ್ಣ ತಮ್ಮಂದಿರನ್ನೋ ಅಪ್ಪನನ್ನೋ ಹೀಗೆ ಸೇರಿಸಿಕೊಳ್ಳುವ ಮೊದಲು, ಇದು ಬರೀ ಹೆಸರಿಗಷ್ಟೇ ಅಲ್ಲ, ಪೂರ್ತಿ ಹೊಣೆ ಎಂದು ಅವರಿಗೆ ಬಿಡಿಸಿ ಹೇಳಿ.

ಹಳೆಯ ಸಾಲ ಮುಗಿದ ದಿನ ಎಲ್ಲ ಮುಗಿಯಿತು ಎಂದು ಮನೆಗೆ ಬರಬೇಡಿ. ಸಾಲ ತೀರಿದ ಪತ್ರ ಪಡೆಯಿರಿ. ಮೂಲ ಪತ್ರಗಳು ಹೊಸ ಬ್ಯಾಂಕಿಗೆ ಹೋಗುವುದಾದರೆ ಯಾವ ಯಾವ ಪತ್ರ ಹೋಯಿತು ಎಂಬ ಪಟ್ಟಿಗೆ ಸಹಿ ಹಾಕಿಸಿ ಪ್ರತಿ ಇಟ್ಟುಕೊಳ್ಳಿ. ಹಳೆಯ ಅಡಮಾನ ನೋಂದಣಿ ದಾಖಲೆಯಿಂದ ತೆರವಾಗಿದೆಯೇ ನೋಡಿ. ಕೆಲವು ವಾರ ಬಿಟ್ಟು ಇಬ್ಬರೂ ತಮ್ಮ ತಮ್ಮ ಕ್ರೆಡಿಟ್ ವರದಿ ತೆಗೆಸಿ, ಹಳೆಯ ಸಾಲ ಮುಕ್ತಾಯ ಎಂದು ಕಾಣುತ್ತಿದೆಯೇ ಪರೀಕ್ಷಿಸಿ. ನಮ್ಮದರಲ್ಲಿ ಇನ್ನೂ ಚಾಲ್ತಿ ಎಂದೇ ತೋರಿಸುತ್ತಿತ್ತು. ಮುಕ್ತಾಯ ಪತ್ರದ ಪ್ರತಿ ಲಗತ್ತಿಸಿ ದೂರು ಕೊಟ್ಟ ಮೇಲೆ ಸರಿಯಾಯಿತು. ಆ ಪ್ರತಿಯನ್ನು ಅವರಿಗೂ ಕಳಿಸಿದೆ.